ಹನ್ನೊಂದನೆಯ ಪರದೆ

ಮನೆ ಬೇಕಾದವರು ತಮ್ಮ ಕೈಯಾರೆ ಕಾಗದ ಬರೆದು ಕೊಡಬೇಕು ಎಂದು ದಲ್ಲಾಳಿ ಹೇಳಿದಾಗ ಅಳಿಯ ನಕ್ಕುಬಿಟ್ಟ.

"ಕಾಗದ ಬರೆಯೋಕೆ ನಾನೇನು ಆ ಮನೇನ ಮದುವೆ ಆಗ್ತೀನಾ? ಆಗಲೇ ಒಬ್ಬಳನ್ನ ಕಟ್ಕೊಂಡು ಸಾಕಾಗಿದೆ."

"ರೀ, ನಂಗೆ ಕೇಳಿಸುತ್ತೆ," ಎಂದಳು ಮಗಳು ಒಳಗಿನಿಂದ.

"ನಗಬೇಡಿ ಡ್ರೈವರಣ್ಣ," ಎಂದು ದಲ್ಲಾಳಿ ಕುರ್ಚಿಯ ಅಂಚಿಗೆ ಸರಿದ. "ಎಂಟು ಜನ ಬರೆದುಕೊಟ್ಟಿದ್ದಾರೆ. ಎಂಟನ್ನೂ ಆ ಮುದುಕ ವಾಪಸ್ ಕಳಿಸಿದ್ದಾನೆ. ಬೆಲೆ ಜಾಸ್ತಿ ಹೇಳಿದವರದ್ದೂ ವಾಪಸ್. ಕಾಗದದ ಕೆಳಗೆ ಎರಡೇ ಮಾತು ಬರೀತಾನೆ, 'ಪೂರ್ತಿ ಇಲ್ಲ' ಅಂತ."

"ಏನು ಪೂರ್ತಿ ಇಲ್ವಂತೆ?"

"ಅದನ್ನ ಹೇಳಿದ್ರೆ ನಾನು ಯಾಕೆ ಚಪ್ಪಲಿ ಸವೆಸ್ತಿದ್ದೆ? ಏನೇನು ಕೊಳ್ತೀವಿ ಅಂತ ಬರೀಬೇಕಂತೆ. ಕೋಣೆ ಎಷ್ಟು, ಬಾಗಿಲು ಎಷ್ಟು, ಕಿಟಕಿ ಎಷ್ಟು, ನಲ್ಲಿ ಎಷ್ಟು. ಹಗಲು ಹೊತ್ತು ಮನೇಲಿ ಯಾರಿರ್ತಾರೆ. ಬೆಲೆ ಕೊನೇ ಸಾಲು. ಆದ್ರೆ ಒಂದು ಮಾತು, ಆ ಮನೆಗೆ ಮೇಲೆ ಯಾರೂ ಇಲ್ಲ, ಕೆಳಗೆ ಯಾರೂ ಇಲ್ಲ, ಹಿಂದೆ ಬಸ್ ಡಿಪೋ ಗೋಡೆ. ನಿಮ್ಮ ಅತ್ತೆ ಹಗಲೆಲ್ಲ ಯಂತ್ರ ತುಳಿದರೂ ಕೇಳೋರಿಲ್ಲ."

ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಪರದೆಯಮ್ಮ ಪೆಡಲಿನ ಮೇಲಿನ ಕಾಲನ್ನು ನಿಲ್ಲಿಸಿ ಈ ಮಾತನ್ನು ಕೇಳಿಸಿಕೊಂಡಳು. ಇಬ್ಬರ ಮಾತಿನ ನಡುವೆ ಬಾಯಿ ಹಾಕುವ ಚಾಳಿ ಆಕೆಗೆ ಇರಲಿಲ್ಲ. ನಲವತ್ತೈದು ವರ್ಷದಿಂದ ಊರಿನ ಕಿಟಕಿಗಳಿಗೆ ಪರದೆ ಹೊಲಿದು ಹೊಲಿದು ಆ ಹೆಸರು ಬಂದಿತ್ತು. ತಾಯ್ತಂದೆ ಇಟ್ಟ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ.

ಇದ್ದ ಬಾಡಿಗೆ ಮನೆಯ ಕಟ್ಟಡವನ್ನು ಕೆಡವುತ್ತೇವೆ ಎಂದು ನೋಟೀಸು ಬಂದು ತಿಂಗಳಾಗಿತ್ತು. ಇನ್ನೆರಡು ತಿಂಗಳಲ್ಲಿ ಖಾಲಿ ಮಾಡಬೇಕು. ಮಗಳಿಗೆ ಆರನೇ ತಿಂಗಳು. ನಾಲ್ಕು ಕಡೆ ಮನೆ ನೋಡಿ ಬಂದಿದ್ದರು. ನಾಲ್ಕು ಕಡೆಯೂ ಯಂತ್ರದ ಸುದ್ದಿ ಬಂದದ್ದೇ ತಡ, ಎದುರಿನವರ ಮುಖ ಗಂಟಿಕ್ಕಿತ್ತು. ಮೇಲಿನವರಿಗೆ ನಿದ್ದೆ ಬರುವುದಿಲ್ಲವಂತೆ, ಕೆಳಗಿನವರಿಗೆ ಸೂರು ಅದುರುತ್ತದಂತೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಸಾಕಿದ್ದು, ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಆ ಯಂತ್ರವೇ. "ಮಾರಿಬಿಡೋಣ ಬಿಡು" ಎಂದು ಪರದೆಯಮ್ಮ ತಾನೇ ಒಮ್ಮೆ ಬಾಯಿಬಿಟ್ಟು ಹೇಳಿದ್ದಳು. ಹೇಳಿದ ಮೇಲೆ ಎರಡು ದಿನ ಅದನ್ನು ಒರೆಸಿ ಎಣ್ಣೆ ಬಿಡುತ್ತಲೇ ಇದ್ದಳು.

ಭಾನುವಾರ ಬೆಳಗ್ಗೆ ಮೂವರೂ ಮನೆ ನೋಡಲು ಹೋದರು. ಡಿಪೋದ ಉದ್ದ ಗೋಡೆ ಮುಗಿಯುವಲ್ಲಿ ಒಂದು ಕಿರಿದಾದ ದಾರಿ. ಅದರ ಕೊನೆಯಲ್ಲಿ ಒಂಟಿ ಮನೆ. ಗೇಟಿನ ಮುಂದೆ ಪರದೆಯಮ್ಮ ನಿಂತುಬಿಟ್ಟಳು.

"ಈ ಮನೆಗೆ ನಾನು ಬಂದಿದ್ದೀನಿ."

"ಅತ್ತೆ, ಈ ಊರಲ್ಲಿ ನೀವು ಹೋಗದ ಮನೆ ಯಾವುದಿದೆ?" ಎಂದ ಅಳಿಯ. "ಜೈಲಿಗೂ ಪರದೆ ಹೊಲಿದುಕೊಟ್ಟಿದ್ದೀರಿ."

"ಜೈಲಿಗಲ್ಲಪ್ಪ. ಜೈಲರ್ ಮನೆಗೆ."

ಬಾಗಿಲು ತೆಗೆದವನು ಮನೆಯ ಯಜಮಾನ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಔಷಧಿ ಕಟ್ಟಿ ಕೊಟ್ಟವನು, ಊರಿಗೆಲ್ಲ ಕಂಪೌಂಡರ್. ಕಡ್ಡಿಯಂಥ ಮೈ, ಗಾಜಿನ ತುಂಡಿನಂಥ ದಪ್ಪ ಕನ್ನಡಕ. ಮಾತ್ರೆ ಎಣಿಸಿ ಎಣಿಸಿ ಬೆರಳುಗಳಿಗೆ ಅದೇ ಅಭ್ಯಾಸ ಅಂಟಿಕೊಂಡಿತ್ತೋ ಏನೋ, ಸುಮ್ಮನೆ ನಿಂತಾಗಲೂ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಓಡಾಡುತ್ತಿತ್ತು. ಒಳಗೆ ಬಂದವರನ್ನೂ ಹಾಗೆಯೇ ಎಣಿಸಿದ. "ಮೂರು," ಎಂದ. ಮಗಳ ಹೊಟ್ಟೆಯ ಮೇಲೆ ಕಣ್ಣು ಬಿದ್ದಾಗ ಬೆರಳು ನಿಂತಿತು. "ಮೂರೂವರೆ," ಎಂದು ತಿದ್ದಿಕೊಂಡ. ಅಳಿಯ ನಕ್ಕ. ಕಂಪೌಂಡರ್ ನಗಲಿಲ್ಲ.

ಮಗಳು ನೋಟುಪುಸ್ತಕ ಹಿಡಿದು ಕೋಣೆಯಿಂದ ಕೋಣೆಗೆ ಗೀಟು ಹಾಕುತ್ತ ಹೋದಳು. ಪರದೆಯಮ್ಮ ಹಿಂದೆ ಉಳಿದಳು. ಅಡುಗೆಮನೆಗೂ ಹಿಂದಿನ ಕೋಣೆಗೂ ನಡುವೆ ಒಂದು ಓಣಿಯಂಥ ಜಾಗ, ಹಗಲಲ್ಲೂ ಮಬ್ಬು. ಆಕೆಯ ಕಾಲು ಅಲ್ಲಿ ತಾನಾಗಿಯೇ ನಿಂತಿತು, ಕೈ ತಾನಾಗಿಯೇ ಸೊಂಟಕ್ಕೆ ಸಿಕ್ಕಿಸಿದ್ದ ದಾರಕ್ಕೆ ಹೋಯಿತು.

ಆಕೆಯ ಅಳತೆಯ ರೀತಿಯೇ ಬೇರೆ. ಓದಿದ್ದು ಎರಡನೇ ತರಗತಿ. ಆರು ಬರೆದರೆ ಒಂಬತ್ತಾಗುತ್ತಿತ್ತು, ಒಂಬತ್ತು ಬರೆದರೆ ಆರಾಗುತ್ತಿತ್ತು. ಮೊದಲ ವರ್ಷ ಹಾಗೆ ಎರಡು ಥಾನು ಬಟ್ಟೆ ಹಾಳಾದ ಮೇಲೆ ಅಂಕಿಯ ಸಹವಾಸವೇ ಬೇಡವೆಂದು ದಾರ ಹಿಡಿದಿದ್ದಳು. ಕಿಟಕಿಗೆ ದಾರ ಎಳೆದು ಅಗಲಕ್ಕೆ ಒಂದು ಸಣ್ಣ ಗಂಟು, ಉದ್ದಕ್ಕೆ ಒಂದು ದೊಡ್ಡ ಗಂಟು. ಒಂದು ಮನೆಗೆ ಒಂದೇ ದಾರ. ಟೇಪು ಕೊರಳಲ್ಲಿ ನೇತಾಡುತ್ತಿದ್ದದ್ದು ಗಿರಾಕಿಗಳ ನಂಬಿಕೆಗೆ. ಅಳೆಯುವಾಗ ಆಕೆ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಆ ತುದಿಯನ್ನು ಹಿಡಿಯುವವರು ಹಿಡಿಯುತ್ತಾರೆ, ನೋಡಬೇಕಾದದ್ದು ಈ ತುದಿಯ ಗಂಟನ್ನು.

"ಹಿಡ್ಕೊ," ಎಂದಳು ಮಗಳಿಗೆ, ದಾರದ ತುದಿಯನ್ನು ಹಿಂದಕ್ಕೆ ಚಾಚಿ.

ತುದಿಯನ್ನು ಕೈಯಿಂದ ತೆಗೆದುಕೊಂಡದ್ದು ಗೊತ್ತಾಯಿತು. ಗೋಡೆಯ ಉದ್ದಕ್ಕೆ ಎರಡು ಹೆಜ್ಜೆ ಸರಿದಳು. ದಾರ ಬಿಗಿಯಾಯಿತು, ತಂತಿಯ ಹಾಗೆ ನೆಟ್ಟಗೆ ನಿಂತಿತು. ಹೆಬ್ಬೆರಳಿನಿಂದ ಗಂಟು ಹಾಕಿದಳು.

"ಸರಿ, ಬಿಡು."

ಬಿಟ್ಟಿತು. ಅದೇ ಗಳಿಗೆಯಲ್ಲಿ ಅಡುಗೆಮನೆಯಿಂದ ಮಗಳ ನಗು ಕೇಳಿಸಿತು. "ರೀ, ಈ ನಲ್ಲಿ ತಿರುಗಿಸಿದ್ರೆ ಆ ನಲ್ಲೀಲಿ ನೀರು ಬರುತ್ತೆ!"

ಪರದೆಯಮ್ಮ ನಿಧಾನವಾಗಿ ತಿರುಗಿದಳು. ಓಣಿಯಲ್ಲಿ ಯಾರೂ ಇರಲಿಲ್ಲ. ದಾರದ ತುದಿ ನೆಲದ ಮೇಲೆ ಬಿದ್ದು ಇನ್ನೂ ಅಲುಗಾಡುತ್ತಿತ್ತು. ಎದುರಿಗೆ ಇದ್ದದ್ದು ಬರೀ ಗೋಡೆ. ಕಿಟಕಿಯೂ ಇಲ್ಲ, ಗೂಡೂ ಇಲ್ಲ. ಆದರೆ ತಲೆಗಿಂತ ಮೇಲೆ, ಎರಡೂವರೆ ಮೊಳದ ಅಂತರದಲ್ಲಿ ಎರಡು ಮೊಳೆಗಳಿದ್ದವು. ಪರದೆಯ ಕಂಬಿ ಜಾರಬಾರದೆಂದು ತಲೆಯನ್ನು ಮೇಲಕ್ಕೆ ಬಗ್ಗಿಸಿ ಹೊಡೆದ ಮೊಳೆಗಳು. ಹಾಗೆ ಹೊಡೆಯುವವರು ಊರಿನಲ್ಲಿ ಒಬ್ಬರೇ. ಆ ಮೊಳೆಗಳನ್ನು ಹೊಡೆದದ್ದು ಆಕೆಯೇ.

ಓಣಿಯ ಬಾಗಿಲಲ್ಲಿ ಕಂಪೌಂಡರ್ ನಿಂತಿದ್ದ. ಯಾವಾಗ ಬಂದನೋ.

"ಎಷ್ಟು ಬಂತು?" ಎಂದು ಕೇಳಿದ.

ಪರದೆಯಮ್ಮ ದಾರವನ್ನು ಮುಷ್ಟಿಯಲ್ಲಿ ಸುತ್ತಿಕೊಂಡಳು. "ನೋಡ್ಕೊಳ್ಳಲಿಲ್ಲ," ಎಂದಳು.

ಮನೆಗೆ ಬಂದವಳೇ ಮಂಚದ ಕೆಳಗಿನ ತಗಡಿನ ಡಬ್ಬ ಎಳೆದಳು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಖಾಲಿ ರೀಲುಗಳು, ಒಂದೊಂದಕ್ಕೂ ಒಂದೊಂದು ಮನೆಯ ದಾರ ಸುತ್ತಿದ್ದು. ಯಾವುದು ಯಾವ ಮನೆಯದು ಎಂದು ತಿಳಿಯಲು ಆ ಮನೆಯ ಪರದೆಯ ಚೂರನ್ನೇ ತುದಿಗೆ ಕಟ್ಟಿರುತ್ತಿದ್ದಳು. ನೀಲಿ ಚೌಕಳಿಯ ಚೂರು ಬೇಗ ಸಿಕ್ಕಿತು. ದಾರ ಬಿಚ್ಚಿ ಗಂಟುಗಳನ್ನು ಬೆರಳಲ್ಲಿ ಎಣಿಸಿದಳು. ಹನ್ನೊಂದು ಸಣ್ಣವು, ಹನ್ನೊಂದು ದೊಡ್ಡವು. ಮತ್ತೊಮ್ಮೆ ಎಣಿಸಿದಳು. ಹನ್ನೊಂದೇ. ಕೊನೆಯ ಸಣ್ಣ ಗಂಟಿನ ಪಕ್ಕಕ್ಕೆ ಇವತ್ತಿನ ದಾರ ಹಿಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆಕೆಗೆ ಎಲ್ಲ ನೆನಪಿತ್ತು. ನೆನಪಿಲ್ಲದ್ದು ಯಾವುದಿತ್ತು? ಮೂವತ್ತೈದು ವರ್ಷದ ಹಿಂದೆ ಆ ಮನೆಯ ಯಜಮಾನಿ, ಈ ಕಂಪೌಂಡರನ ತಾಯಿ, "ಎಲ್ಲ ಕಿಟಕಿಗೂ ಹೊಲಿ, ನೀನೇ ಎಣಿಸ್ಕೊ" ಎಂದು ಹೇಳಿ ಹೊರಗೆ ಹೋಗಿದ್ದಳು. ಪರದೆಯಮ್ಮ ಒಬ್ಬಳೇ ಅಳೆಯುತ್ತ ಓಣಿಗೆ ಬಂದಾಗ ಅಲ್ಲಿ ಒಂದು ಕಿಟಕಿ ಇತ್ತು. ಕಿಟಕಿಯ ಕಟ್ಟೆಯ ಮೇಲೆ ಒಂಬತ್ತು ಹತ್ತು ವರ್ಷದ ಒಂದು ಹುಡುಗಿ ಕಾಲು ಇಳಿಬಿಟ್ಟು ಕೂತಿತ್ತು. ಬೆಳಕು ಅದರ ಹಿಂದಿನಿಂದ ಬರುತ್ತಿದ್ದುದರಿಂದ ಮುಖ ಸರಿಯಾಗಿ ಕಾಣಲಿಲ್ಲ. ಕೇಳದೆಯೇ ದಾರದ ತುದಿ ಹಿಡಿಯಿತು. ಬಹಳ ಚೆನ್ನಾಗಿ ಹಿಡಿಯಿತು, ಎಳೆಯದೆ, ಸಡಿಲ ಬಿಡದೆ. ಅಳತೆ ಮುಗಿದ ಮೇಲೆ ಉಳಿದ ಕಿಟಕಿಗಳಂತೆ ಅದಕ್ಕೂ ಕಂಬಿಗೆಂದು ಎರಡು ಮೊಳೆ ಹೊಡೆದಳು. ಆಮೇಲೆ, "ಅಂಚಲ್ಲಿ ಮಡಿಕೆ ಬಿಡ್ತೀರಾ? ಬೆಳೆಯೋಕೆ?" ಎಂದು ಕೇಳಿತು.

ಮಕ್ಕಳ ಲಂಗಕ್ಕೆ ಹಾಗೆ ಬಿಡುವುದುಂಟು. ಮಗು ಎತ್ತರ ಆದ ಹಾಗೆ ಮಡಿಕೆ ಬಿಚ್ಚಿ ಉದ್ದ ಮಾಡಿಕೊಳ್ಳಬಹುದು. "ಕಿಟಕಿ ಎಲ್ಲಾದ್ರೂ ಬೆಳೆಯುತ್ತಾ, ಮರಿ?" ಎಂದು ಪರದೆಯಮ್ಮ ನಕ್ಕಿದ್ದಳು. ಆದರೂ ಮಗು ಕೇಳಿತಲ್ಲ ಎಂದು ಆ ಒಂದು ಪರದೆಗೆ ನಾಲ್ಕು ಬೆರಳು ಮಡಿಕೆ ಬಿಟ್ಟೇ ಹೊಲಿದಿದ್ದಳು.

ಪರದೆ ಕೊಡಲು ಹೋದ ದಿನ ಯಜಮಾನಿ ಎಣಿಸಿ ನೋಡಿ ಬಿಳಿಚಿಕೊಂಡಳು. "ಹತ್ತೇ ಕಿಟಕಿ. ನೀನು ತಪ್ಪು ಎಣಿಸಿದ್ದೀಯ. ಒಂದು ವಾಪಸ್ ತಗೊಂಡು ಹೋಗು."

"ಇಲ್ಲ ತಾಯಿ, ನಿಮ್ಮ ಮಗಳೇ ದಾರ ಹಿಡಿದಿತ್ತು."

"ನನಗೆ ಮೂರೂ ಗಂಡು. ಈ ಮನೇಲಿ ಹೆಣ್ಣುಮಗು ಇಲ್ಲ. ಹತ್ತು ಅಂದ್ರೆ ಹತ್ತು."

ಹೊಟ್ಟೆಪಾಡಿನ ಹೆಂಗಸು ಗಿರಾಕಿಯ ಜೊತೆ ಎಷ್ಟು ವಾದ ಮಾಡಿಯಾಳು? "ಹತ್ತೇ ಇರಬೇಕು ತಾಯಿ, ನನ್ನದೇ ತಪ್ಪು" ಎಂದು ಒಪ್ಪಿಕೊಂಡು ಹನ್ನೊಂದನೆಯ ಪರದೆಯನ್ನು ತಿರುಗಿ ತಂದಿದ್ದಳು. ಅದು ಈಗಲೂ ಟ್ರಂಕಿನ ತಳದಲ್ಲಿತ್ತು. ಅದನ್ನು ಕತ್ತರಿಸಿ ದಿಂಬಿಗೆ ಹೊದಿಕೆ ಮಾಡಲೂ ಆಕೆಗೆ ಯಾಕೋ ಕೈ ಬಂದಿರಲಿಲ್ಲ.

ಮೊದಲ ಕಾಗದವನ್ನು ಬರೆದದ್ದು ಮಗಳು. ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೆಲಸ ಮಾಡುವವಳು, ಅಕ್ಷರ ಮುತ್ತು. ನಾಲ್ಕು ಕೋಣೆ, ಒಂಬತ್ತು ಬಾಗಿಲು, ಹತ್ತು ಕಿಟಕಿ, ಮೂರು ನಲ್ಲಿ.

"ಹನ್ನೊಂದು ಕಿಟಕಿ ಅಂತ ಬರಿ," ಎಂದಳು ಪರದೆಯಮ್ಮ.

"ಅಮ್ಮಾ, ಗೀಟು ಹಾಕಿ ಎಣಿಸಿದ್ದೀನಿ ನೋಡು. ಹತ್ತು."

"ದಾರ ಹನ್ನೊಂದು ಅನ್ನುತ್ತೆ."

"ದಾರಕ್ಕೆ ವಯಸ್ಸಾಗಿದೆ."

"ಅಮ್ಮನಿಗೆ ವಯಸ್ಸಾಗಿದೆ ಅನ್ನೋಕೆ ಧೈರ್ಯ ಇಲ್ಲ, ಪಾಪ ದಾರದ ತಲೆಗೆ ಕಟ್ತಿದ್ದಾಳೆ," ಎಂದ ಅಳಿಯ.

"ಇಲ್ಲದ ಕಿಟಕಿ ಬರೆದ್ರೆ ನಮಗೆ ತಲೆ ಕೆಟ್ಟಿದೆ ಅಂದ್ಕೋತಾನಮ್ಮ ಆ ಮನುಷ್ಯ. ಇದೊಂದು ಮನೆ ಕೈ ಬಿಟ್ರೆ..." ಮಗಳು ಮಾತು ಮುಗಿಸದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಪರದೆಯಮ್ಮ ದಾರವನ್ನು ಮತ್ತೆ ರೀಲಿಗೆ ಸುತ್ತಿದಳು.

ಮೂರನೆಯ ದಿನ ದಲ್ಲಾಳಿ ಕಾಗದವನ್ನು ವಾಪಸ್ ತಂದ. ಕೆಳಗೆ ನಡುಗುವ ಅಕ್ಷರದಲ್ಲಿ, 'ಪೂರ್ತಿ ಇಲ್ಲ.'

ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು, ಅತ್ತದ್ದು ಕೇಳಬಾರದೆಂದು. ದಲ್ಲಾಳಿ ತಲೆ ಕೆರೆದುಕೊಂಡು ನಾಲ್ಕನೇ ಮಹಡಿಯ ಒಂದು ಮನೆಯ ಸುದ್ದಿ ಹೇಳಿದ. ಯಂತ್ರ ತರಬಾರದು ಅಂತ ಮಾತ್ರ ಒಂದು ಕರಾರು. ಅಳಿಯ ಯಂತ್ರದ ಕಡೆ ನೋಡಿದ, ಅತ್ತೆಯ ಕಡೆ ನೋಡಲಿಲ್ಲ.

ಮಾರನೇ ದಿನ ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಪರದೆಯಮ್ಮ ನೋಟುಪುಸ್ತಕದಿಂದ ಎರಡು ಹಾಳೆ ಹರಿದುಕೊಂಡಳು. ಕತ್ತರಿಸುವ ಹಲಗೆಯ ಮೇಲೆ ಹಾಳೆ ಇಟ್ಟು, ಬಟ್ಟೆಗೆ ಗೆರೆ ಎಳೆಯುವಂತೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಗೆರೆಯ ಮೇಲೆ ಅಕ್ಷರ ಕೂರಿಸುತ್ತ ಹೋದಳು. ಮೂರು ಮಧ್ಯಾಹ್ನ ಹಿಡಿಯಿತು. ಅಂಕಿ ಬರೆದರೆ ಮೋಸವಾದೀತೆಂದು ಎಲ್ಲವನ್ನೂ ಅಕ್ಷರದಲ್ಲೇ ಬರೆದಳು.

"ಕಂಪೌಂಡರ್ ಅವರಿಗೆ, ಪರದೆ ಹೊಲಿಯುವವಳು ಬರೆಯುವುದು. ನಿಮ್ಮ ಮನೆ ನಮಗೆ ಬೇಕು. ಕೋಣೆ ನಾಲ್ಕು. ಬಾಗಿಲು ಒಂಬತ್ತು. ನಲ್ಲಿ ಮೂರು, ಒಂದು ಸೋರುತ್ತದೆ. ಕಿಟಕಿ ಹನ್ನೊಂದು. ಕಣ್ಣಿಗೆ ಕಾಣುವುದು ಹತ್ತು. ಹನ್ನೊಂದನೆಯದು ಓಣಿಯಲ್ಲಿ, ಎರಡೂವರೆ ಮೊಳ ಅಗಲ. ಅದರ ಮೊಳೆ ನಾನೇ ಹೊಡೆದದ್ದು. ನಿಮ್ಮ ತಾಯಿ ಹತ್ತು ಅಂದರು, ನಾನೂ ಹೂಂ ಅಂದೆ. ಅದು ನನ್ನ ತಪ್ಪು. ಅವತ್ತು ದಾರ ಹಿಡಿದ ಮಗು ಮೊನ್ನೆಯೂ ಹಿಡಿಯಿತು. ಅದರ ಪರದೆ ನನ್ನ ಹತ್ತಿರ ಇದೆ. ಮನೆ ಕೊಟ್ಟರೂ ಸರಿ, ಬಿಟ್ಟರೂ ಸರಿ, ಅದನ್ನು ತಂದು ಹಾಕುತ್ತೇನೆ. ಹಗಲು ಹೊತ್ತು ಮನೆಯಲ್ಲಿ ನಾನು ಇರುತ್ತೇನೆ. ಬೆಲೆ ನನ್ನ ಮಗಳು ಮೊದಲ ಕಾಗದದಲ್ಲಿ ಬರೆದದ್ದೇ. ಅದಕ್ಕಿಂತ ಹೆಚ್ಚು ನಮ್ಮಲ್ಲಿ ಇಲ್ಲ."

ದಲ್ಲಾಳಿಯ ಕೈಗೆ ಕೊಡಲಿಲ್ಲ. ಪರದೆಯನ್ನು ಚೀಲದಲ್ಲಿಟ್ಟುಕೊಂಡು ತಾನೇ ಹೊರಟಳು.

ಕಂಪೌಂಡರ್ ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದ. ಓದಿ ಮುಗಿಸಿ ಕನ್ನಡಕ ತೆಗೆದು ಒರೆಸಿಕೊಂಡ. ಡಿಪೋದಲ್ಲಿ ಯಾವುದೋ ಬಸ್ಸಿನ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು.

"ಆ ಕಿಟಕೀನ ಇಟ್ಟಿಗೆ ಕಟ್ಟಿ ಮುಚ್ಚಿದ್ದು ನಾನು ಹುಟ್ಟೋಕೆ ಮುಂಚೆ," ಎಂದ ಕೊನೆಗೆ.

"ಅಂದ್ರೆ... ನಾನು ಅಳೆದಾಗ?"

"ಆಗಲೂ ಗೋಡೆನೇ ಇತ್ತು ಅಮ್ಮಾ."

ಪರದೆಯಮ್ಮ ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಳು.

"ನಮಗಿಂತ ಮುಂಚೆ ಇದ್ದವರ ಮಗು. ಸತ್ತ ಮೇಲೆ ಕಿಟಕಿ ಮುಚ್ಚಿಸಿ, ಮನೆ ಮಾರಿ ಹೋದ್ರಂತೆ. ಅಷ್ಟೇ ಗೊತ್ತು. ನಮ್ಮಮ್ಮನಿಗೂ ಕಾಣ್ತಿತ್ತು. ಆದ್ರೆ ಎಣಿಸಬಾರದು ಅಂತ ಹಟ. ಲೆಕ್ಕಕ್ಕೆ ತಗೊಂಡ್ರೆ ತಾನೇ ಇರೋದು, ತಗೊಳ್ಳದಿದ್ರೆ ಎಲ್ಲಿದೆ, ಅನ್ನೋಳು." ಹೆಬ್ಬೆರಳು ಬೆರಳುಗಳ ಮೇಲೆ ಓಡತೊಡಗಿತು. "ಅದು ಹಾಗಲ್ಲಮ್ಮ. ಅವಳನ್ನ ಬಿಟ್ಟು ಎಣಿಸಿದಾಗಲೆಲ್ಲ ಮನೇಲಿ ಇನ್ನೊಂದು ಕಮ್ಮಿ ಆಗೋದು. ಆರು ಚಮಚ ಇಟ್ರೆ ಐದು. ಜೊತೆ ಚಪ್ಪಲಿ ಬಿಟ್ರೆ ಒಂಟಿ. ನಾವು ಅಣ್ಣತಮ್ಮ ಮೂವರು. ನೀವು ಪರದೆ ವಾಪಸ್ ತಗೊಂಡು ಹೋದ್ರಲ್ಲ, ಅದೇ ವರ್ಷ ಚಿಕ್ಕವನು ಹೋದ. ಎರಡು ದಿನದ ಜ್ವರ. ನಾನೇ ಔಷಧಿ ತಂದುಕೊಟ್ಟೆ."

 ಹತ್ತೇ ಇರಬೇಕು ತಾಯಿ, ಎಂದು ಅಂದು ತಾನು ಆಡಿದ ಮಾತು ಪರದೆಯಮ್ಮನ ಕಿವಿಯಲ್ಲಿ ಕೇಳಿಸಿತು.

"ಅಮ್ಮ ಹೋದ ದಿನದಿಂದ ನಾನು ಹನ್ನೊಂದು ಅಂತ ಎಣಿಸ್ತೀನಿ. ಬೆಳಗ್ಗೆ ಒಂದು ಸಲ, ದೀಪ ಹಾಕುವಾಗ ಒಂದು ಸಲ. ಅವತ್ತಿಂದ ಒಂದು ಸೂಜಿಯೂ ಕಳೆದಿಲ್ಲ. ಮದುವೆ ಮಾಡಿಕೊಳ್ಳಲಿಲ್ಲ, ಒಂದು ರಾತ್ರಿ ಹೊರಗೆ ಮಲಗಲಿಲ್ಲ. ಈಗ ಕಣ್ಣು ಹೋಗ್ತಿದೆ, ಅಣ್ಣ ಬಾ ಅಂತಾನೆ. ಹತ್ತು ಅಂತ ಬರೆದವರಿಗೆ ಮನೆ ಕೊಡೋದು ಹೇಗೆ ಹೇಳಿ? ಎಲ್ಲರಿಗೂ ಮಕ್ಕಳಿದ್ವು. ನಿಮ್ಮ ಮಗಳಿಗೂ..."

ಅವನ ಹೆಬ್ಬೆರಳು ನಿಂತಿತು. 

ಪರದೆಯಮ್ಮ ಕೂತಲ್ಲೇ ಯೋಚಿಸಿದಳು. ಎದ್ದು ಹೋಗಿಬಿಡಬಹುದಿತ್ತು. ಹೋದರೆ ನಾಲ್ಕನೇ ಮಹಡಿ, ಯಂತ್ರವಿಲ್ಲದ ಮೂಲೆ, ಮಾಡಲು ಕೆಲಸವಿಲ್ಲದ ಎರಡು ಕೈ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಆ ಓಣಿಯಲ್ಲಿ ಮೂವತ್ತೈದು ವರ್ಷದಿಂದ ಒಂದು ಮಗು ತನ್ನ ಪರದೆಗೆ ಕಾದು ಕೂತಿತ್ತು. ಅಳತೆ ತೆಗೆದುಕೊಂಡು ಹೋದವಳು ತಾನು. ಅಳತೆ ತೆಗೆದ ಮೇಲೆ ಬಟ್ಟೆ ಕೊಡದೆ ಇದ್ದದ್ದು ಆಕೆಯ ಜೀವಮಾನದಲ್ಲಿ ಅದೊಂದೇ.

"ಎಣಿಸೋದು ನನಗೆ ಹೊಸದಲ್ಲ," ಎಂದಳು. "ನಾನಿರೋವರೆಗೂ ಹನ್ನೊಂದೇ."

"ನಿಮ್ಮ ನಂತರ?"

 ಕಂಪೌಂಡರ್ ಕಾದ. ಆಮೇಲೆ ನಿಟ್ಟುಸಿರುಬಿಟ್ಟು, ಕಾಗದದ ಕೆಳಗೆ 'ಪೂರ್ತಿ ಇದೆ' ಎಂದು ಬರೆದು ಸಹಿ ಹಾಕಿದ.

ಒಂದೂವರೆ ತಿಂಗಳಲ್ಲಿ ಮನೆಯ ಕ್ರಯಪತ್ರ ಆಗಿ ಸಾಮಾನು ಬಂದು ಬಿತ್ತು. ಕಾಗದದಲ್ಲಿ ಏನು ಬರೆದಿರಿ ಎಂದು ಅಳಿಯ ಎಷ್ಟು ಕೇಳಿದರೂ ಪರದೆಯಮ್ಮ, "ನಲ್ಲಿ ಸೋರುತ್ತೆ ಅಂತ ಬರೆದೆ," ಎಂದಷ್ಟೇ ಹೇಳಿದಳು. "ಅಷ್ಟೇನಾ! ನಿಜ ಹೇಳೋರಿಗೆ ಮನೆ ಕೊಡೋ ಮನುಷ್ಯ ಇನ್ನೂ ಇದ್ದಾನೆ ಅಂತಾಯ್ತು," ಎಂದು ಅವನು ಡಿಪೋದಲ್ಲೆಲ್ಲ ಹೇಳಿಕೊಂಡು ಬಂದ. ಯಂತ್ರವನ್ನು ಮುಂದಿನ ಕೋಣೆಯಲ್ಲಿ ಇಟ್ಟರು, ಸದ್ದು ಅಡಗಲೆಂದು ಮೊದಲಿನ ಹಾಗೆ ಕೆಳಗೆ ಜಮಖಾನ ಹಾಸದೆ, ಬರೀ ನೆಲದ ಮೇಲೆ. ಬಹಳ ವರ್ಷದ ನಂತರ ಅದರ ಸದ್ದು ಪೂರ್ತಿಯಾಗಿ ಕೇಳಿಸಿತು.

ಪರದೆಯಮ್ಮ ದಿನವೂ ಎರಡು ಸಲ ಕಿಟಕಿಗಳನ್ನು ಮುಟ್ಟಿ ಎಣಿಸುತ್ತಿದ್ದಳು. ಹತ್ತನೆಯದಾದ ಮೇಲೆ ಓಣಿಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟು, "ಹನ್ನೊಂದು." ಗೋಡೆ ಕೆಲವು ದಿನ ತಣ್ಣಗಿರುತ್ತಿತ್ತು, ಕೆಲವು ದಿನ ಬಿಸಿಲಿಗೆ ಕಾದ ಹಾಗೆ ಬೆಚ್ಚಗಿರುತ್ತಿತ್ತು. ಹೊರಗಡೆ ಆ ಗೋಡೆಗೆ ಬಿಸಿಲು ಬೀಳುತ್ತಿರಲಿಲ್ಲ. ಮನೆಯಲ್ಲಿ ಏನೂ ಕಳೆಯಲಿಲ್ಲ.

ಅವತ್ತು ಕಂಬಿ ಇಲ್ಲದೆ ತಿರುಗಿ ತಂದಿದ್ದ ಪರದೆಯನ್ನು ಎರಡನೆಯ ವಾರ ಹಾಕಿದಳು. ಹಳೆಯ ಮೊಳೆಗಳಿಗೆ ಕಂಬಿ ಸರಿಯಾಗಿ ಕೂತಿತು. ಅಗಲ ಸರಿಯಾಗಿತ್ತು. ಆದರೆ ಉದ್ದ ಸಾಲಲಿಲ್ಲ. ಕಿಟಕಿಯ ಕಟ್ಟೆ ಇದ್ದ ಕಡೆ ಗಾರೆಯಲ್ಲಿ ಒಂದು ತೆಳ್ಳನೆಯ ಬಿರುಕು ಉದ್ದಕ್ಕೂ ಓಡಿತ್ತು. ಪರದೆಯ ಅಂಚು ಅದಕ್ಕಿಂತ ಮೇಲೆಯೇ ನಿಂತುಬಿಟ್ಟಿತ್ತು. ದಾರ ತಂದು ಹಿಡಿದಳು. ಹಳೆಯ ದೊಡ್ಡ ಗಂಟು ಕೂಡ ಅಲ್ಲೇ ನಿಂತಿತು. ಉಳಿದ ಹತ್ತು ಕಿಟಕಿಗಳಿಗೂ ಹಿಡಿದು ನೋಡಿದಳು, ಅವೆಲ್ಲ ಅಂದಿನ ಅಳತೆಯಲ್ಲೇ ಇದ್ದವು. ಇದೊಂದು ಮಾತ್ರ ನಾಲ್ಕು ಬೆರಳು ಹೆಚ್ಚಿತ್ತು.

ಸದ್ದಿಲ್ಲದೆ ಪರದೆ ಇಳಿಸಿ, ಮುಂದಿನ ಕೋಣೆಗೆ ತಂದು, ಮಡಿಕೆಯ ಹೊಲಿಗೆಯನ್ನು ಸೂಜಿಯ ಮೊನೆಯಲ್ಲಿ ಬಿಚ್ಚತೊಡಗಿದಳು. ಮಡಿಕೆಯ ಒಳಗಿನ ಬಟ್ಟೆ ಮೂವತ್ತೈದು ವರ್ಷ ಬೆಳಕು ಕಾಣದೆ ಇನ್ನೂ ಕಡು ನೀಲಿಯಾಗಿಯೇ ಇತ್ತು. ಹೊಸ ಅಂಚು ಹೊಲಿಯಲು ಯಂತ್ರಕ್ಕೆ ಕೂತಳು.

ಆ ಹೊತ್ತಿಗೆ ಮಗಳು ಬಂದಳು. ತುಂಬಿದ ಹೊಟ್ಟೆ, ರಜೆ ಹಾಕಿ ಮನೆಯಲ್ಲೇ ಇದ್ದಳು, ಸುಮ್ಮನೆ ಕೂರಲು ಆಗದವಳು. "ಅದೇನಮ್ಮ, ಗೋಡೆಗೆ ಪರದೆ?"

"ಬರೀ ಗೋಡೆ ಚೆನ್ನಾಗಿ ಕಾಣಲ್ಲ."

"ಅಗಲ ಇನ್ನೊಂದು ಸಲ ನೋಡ್ಲಾ? ನಿನ್ನ ದಾರ ಬೇಡ, ನಾನು ಟೇಪಲ್ಲಿ ಅಳೀತೀನಿ, ನೀನು ಆ ತುದಿ ಹಿಡ್ಕೊಂಡ್ರೆ ಸಾಕು."

"ನಡಿ, ಬಂದೆ," ಎಂದಳು ಪರದೆಯಮ್ಮ.

ಎದ್ದೇಳಬೇಕೆಂದರೆ ಬಾಬಿನ್ನಿನ ದಾರ ಕೆಳಗೆ ಸಿಕ್ಕಿಹಾಕಿಕೊಂಡಿತು. ಬಟ್ಟೆ ಎಳೆದರೆ ಹರಿದೀತು. ಬಗ್ಗಿ, ತಗಡಿನ ಮುಚ್ಚಳ ಸರಿಸಿ, ಗೋಜಲನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತ ಕೂತಳು. ಬಿಡಿಸಿ ಮುಗಿಯುವುದರೊಳಗೆ ಓಣಿಯಿಂದ ಮಗಳ ದನಿ ಕೇಳಿಸಿತು. ಕತ್ತಲಿಗೆ ಫೋನಿನ ದೀಪ ಹಿಡಿದು, ಟೇಪಿನ ಅಂಕಿಗೆ ಕಣ್ಣು ನೆಟ್ಟವರ ದನಿ.

"ಅಮ್ಮಾ, ಯಾಕೆ ಇಷ್ಟು ಎಳೀತಿದ್ದೀಯ? ನಾನು ಬಿದ್ದೇ ಹೋಗ್ತೀನಿ."

ಪರದೆಯಮ್ಮನ ಕೈ ಬಾಬಿನ್ನಿನ ಮೇಲೆ ಹಾಗೇ ನಿಂತಿತು. ಆಕೆಯ ಕಾಲು ಪೆಡಲಿನ ಮೇಲಿತ್ತು. ಮುಂದಿನ ಕೋಣೆಗೂ ಓಣಿಗೂ ನಡುವೆ ಎರಡು ಬಾಗಿಲು.

ಓಡಬೇಕೆನಿಸಿತು. ಓಡಿದರೆ, ಮಗಳು ತಲೆಯೆತ್ತಿ ನೋಡಿದರೆ, ಹೆದರಿ ಟೇಪು ಕೈಬಿಟ್ಟರೆ. ಲೆಕ್ಕದಲ್ಲಿ ಇನ್ನೊಂದು ಸಲ ಬಿಟ್ಟುಹೋದೆ ಎಂದು ಆ ಮಗುವಿಗೆ ಅನಿಸಿದರೆ. ಆಕೆ ಕೂತಲ್ಲಿಂದ ಅಲ್ಲಾಡಲಿಲ್ಲ. ಎಂದೂ ದನಿ ಎತ್ತಿ ಮಾತಾಡಿದವಳಲ್ಲ, ಈಗಲೂ ಎತ್ತಲಿಲ್ಲ. ಎರಡು ಬಾಗಿಲ ಆಚೆಗೆ ಕೇಳಿಸುವಷ್ಟು ಮಾತ್ರ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು.

"ಎಳೀಬೇಡ ಮರಿ. ನಿನ್ನ ಅಕ್ಕ ಅವಳು, ಬಸುರಿ. ಮೆಲ್ಲಗೆ ಹಿಡ್ಕೊ."

ಓಣಿಯಲ್ಲಿ ಗಳಿಗೆ ಹೊತ್ತು ಏನೂ ಕೇಳಿಸಲಿಲ್ಲ.

"ಹಾಂ," ಎಂದಳು ಮಗಳು. "ಈಗ ಸರಿಯಾಯ್ತು ನೋಡು."